ಇಪ್ಪತ್ತನಾಲ್ಕು ಚುಕ್ಕೆಗಳ ದೂರ

ಮೂರನೆಯ ಸಲ ಎಣಿಸಿದೆ. ಆಗಲೂ ಇಪ್ಪತ್ತನಾಲ್ಕೇ ಬಂತು.

ಕುತ್ತಿಗೆಯಿಂದ ಮೆದುಳಿಗೆ ಹತ್ತುವ ದೊಡ್ಡ ರಕ್ತನಾಳದಿಂದ ಆ ಬಿಳಿ ಮಚ್ಚೆಗೆ, ಪರದೆಯ ಮೇಲೆ, ಸರಿಯಾಗಿ ಇಪ್ಪತ್ತನಾಲ್ಕು ಚುಕ್ಕೆಗಳ, ಅಂದರೆ ಪಿಕ್ಸೆಲ್‌ಗಳ, ದೂರ. ಮಚ್ಚೆಯಿಂದಾಚೆ ಅದೇ ಗೆರೆಯಲ್ಲಿ ಮತ್ತೆ ಇಪ್ಪತ್ತನಾಲ್ಕು ಚುಕ್ಕೆ ಸರಿದರೆ ಇನ್ನೊಂದು ಮಚ್ಚೆ. ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಷ್ಟು ಮಸುಕು. ಇಷ್ಟು ದಿನ ಈ ಎರಡನೆಯದನ್ನು ಯಾರೂ ನೋಡಿರಲಿಲ್ಲ. ನೋಡುವ ಗೋಜಿಗೇ ಹೋಗಿರಲಿಲ್ಲ ಎಂದರೆ ಸರಿಯಾದೀತು.

ಇನ್ನೆಷ್ಟು ಹೊತ್ತು ಬೇಕು ಎಂದು ಪಕ್ಕದಲ್ಲಿ ಕೂತಿದ್ದ ತಂತ್ರಜ್ಞ ಕೇಳಿದ. ಎರಡೂವರೆಗೆ ಯಾರದೋ ಮಂಡಿಯ ಸ್ಕ್ಯಾನ್ ಇದೆಯಂತೆ. ಐದು ನಿಮಿಷ ತೆಪ್ಪಗಿರು ಎಂದೆ.

ಇವನ ನಿಜವಾದ ಹೆಸರನ್ನು ಈ ವಿಭಾಗದಲ್ಲಿ ಯಾರೂ ಬಳಸುವುದಿಲ್ಲ. ಯಂತ್ರದ ಸುರಂಗದೊಳಗೆ ಮಲಗಿಸಿದವರಿಗೆಲ್ಲ ಮೈಕಿನಲ್ಲಿ "ಅಲ್ಲಾಡಬೇಡಿ, ಅಲ್ಲಾಡಬೇಡಿ" ಎನ್ನುತ್ತ ಹದಿನಾಲ್ಕು ವರ್ಷ ಕಳೆದಿದ್ದಾನೆ. ಅದೇ ಹೆಸರಾಗಿ ಅಂಟಿಕೊಂಡಿದೆ. ಒಳ್ಳೆಯ ಕೆಲಸಗಾರ. ಅಚ್ಚುಕಟ್ಟು ಎಂದರೆ ಅಚ್ಚುಕಟ್ಟು. ಆ ಅಚ್ಚುಕಟ್ಟುತನವೇ ಈಗ ನನ್ನ ಭಾವನ ಕುತ್ತಿಗೆಗೆ ಬಂದಿತ್ತು.

ಬಂದರಿನ ಕ್ರೇನ್ ನಡೆಸುವವನಿಗೆ ಕ್ಯಾಬಿನ್ನಿನಲ್ಲೇ ಫಿಟ್ಸ್ ಬಂದು, ಹೊರೆ ಕೈತಪ್ಪಿ, ಕೆಳಗೆ ಕೊಕ್ಕೆ ಸಿಕ್ಕಿಸುವ ಕೆಲಸದವನೊಬ್ಬ ಸತ್ತು ಇಂದಿಗೆ ಇಪ್ಪತ್ತೆರಡು ದಿನ. ಆಮೇಲೆ ತೆಗೆದ ಎಂಆರ್‌ಐ ಸ್ಕ್ಯಾನಿನಲ್ಲಿ ಕ್ರೇನಿನವನ ಎಡಮೆದುಳಿನಲ್ಲಿ ನಿಂಬೆಹಣ್ಣಿನ ಗಾತ್ರದ ಗೆಡ್ಡೆ ಸಿಕ್ಕಿತು. ಅಪಘಾತಕ್ಕೆ ಆರು ವಾರ ಮೊದಲು, ಅವನ ಆರೋಗ್ಯ ತಪಾಸಣೆಗೆಂದು ಇದೇ ಯಂತ್ರದಲ್ಲಿ ತೆಗೆದ ಸ್ಕ್ಯಾನಿನ ಎಡಗಡೆಯೂ ಒಂದು ಮಚ್ಚೆ ಇತ್ತು. ಅದು ಯಂತ್ರದ ಸುಳ್ಳು, ರೋಗವಲ್ಲ ಎಂದು ಬರೆದು ಸಹಿ ಹಾಕಿದವರು ಈ ಆಸ್ಪತ್ರೆಯಲ್ಲಿ ಸ್ಕ್ಯಾನ್ ಓದುವ ಡಾಕ್ಟರಾದ ನನ್ನ ಭಾವ.

ನಾಳೆ ಬೆಳಗ್ಗೆ ಹತ್ತು ಗಂಟೆಗೆ ವಿಚಾರಣಾ ಸಮಿತಿ ಕೂರುತ್ತದೆ. ಆ ಮಚ್ಚೆ ನಿಜವಾಗಿದ್ದರೆ ಭಾವ ಇನ್ನು ಮುಂದೆ ಒಂದು ಸ್ಕ್ಯಾನನ್ನೂ ಓದುವಂತಿಲ್ಲ. ಅದಾದರೂ ಹೋಗಲಿ. ತನ್ನ ಕಣ್ಣು ತಪ್ಪಿದ್ದರಿಂದ ಒಬ್ಬ ಸತ್ತ ಎಂದು ಆ ಮನುಷ್ಯ ನಂಬಿಬಿಟ್ಟರೆ, ನನ್ನ ಅಕ್ಕನ ಮನೆಯಲ್ಲಿ ಆಮೇಲೆ ಉಳಿಯುವುದು ಏನೂ ಇಲ್ಲ.

ನಾನು ಡಾಕ್ಟರಲ್ಲ. ಇಪ್ಪತ್ತಾರು ವರ್ಷ ಈ ಯಂತ್ರಗಳ ಹೊಟ್ಟೆ ಬಿಚ್ಚಿ ರಿಪೇರಿ ಮಾಡಿ ನಿವೃತ್ತಳಾದವಳು. ರೋಗದ ವಿಷಯ ನನಗೆ ತಿಳಿಯದು. ಯಂತ್ರ ಯಾವಾಗ ಸುಳ್ಳು ಹೇಳುತ್ತದೆ, ಹೇಗೆ ಹೇಳುತ್ತದೆ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ಸುಳ್ಳು ಮಚ್ಚೆಯನ್ನು ನಿಜದಿಂದ ಬೇರ್ಪಡಿಸಲು ಈ ಕಸುಬಿನಲ್ಲಿ ಒಂದು ಹಳೆಯ ಪರೀಕ್ಷೆಯಿದೆ. ಯಂತ್ರ ಚಿತ್ರವನ್ನು ಎಡದಿಂದ ಬಲಕ್ಕೆ ತುಂಬುತ್ತಿದ್ದರೆ, ದಿಕ್ಕು ತಿರುಗಿಸಿ ಮುಂದಿನಿಂದ ಹಿಂದಕ್ಕೆ ತುಂಬಿಸುವುದು. ರೋಗವಾದರೆ ಇದ್ದಲ್ಲೇ ಇರುತ್ತದೆ. ಸುಳ್ಳಾದರೆ ಜಾಗ ಬದಲಾಯಿಸುತ್ತದೆ.

ಭಾವ ಆ ದಿನ ಅದನ್ನು ಮಾಡಿಸಿದ್ದರು. ದಿಕ್ಕು ಬದಲಿಸಿದಾಗ ಮಚ್ಚೆ ಜಾಗ ಬಿಟ್ಟಿತು ಎಂದು ವರದಿಯಲ್ಲೂ ಬರೆದಿದ್ದರು. ಆದರೆ ಆ ಎರಡನೆಯ ಚಿತ್ರ ಎಲ್ಲಿ ಎಂದು ಸಮಿತಿಯವರು ಕೇಳಿದಾಗ ಕೊಡಲು ಏನೂ ಇರಲಿಲ್ಲ. ಅಲ್ಲಾಡಬೇಡಿ ಅಳಿಸಿಹಾಕಿದ್ದ.

ಬೇಕೆಂದು ಮಾಡಿದ್ದಲ್ಲ. ಇಲ್ಲಿನ ಪದ್ಧತಿಯೇ ಹಾಗೆ. ಎರಡೆರಡು ಸಲ ತೆಗೆದದ್ದರಲ್ಲಿ ಚೆನ್ನಾಗಿರುವುದನ್ನು ಇಟ್ಟುಕೊಂಡು, ಗಲೀಜಾಗಿ ಬಂದದ್ದನ್ನು ಸಂಜೆಯೊಳಗೆ ಅಳಿಸುತ್ತಾರೆ. ಫೈಲು ಚೊಕ್ಕಟವಾಗಿರಬೇಕಂತೆ. ದಿಕ್ಕು ತಿರುಗಿಸಿ ತೆಗೆದ ಚಿತ್ರದಲ್ಲಿ ಸುಳ್ಳು ಮಚ್ಚೆಗಳೆಲ್ಲ ತಲೆಯ ನಡುವೆ ಸಾಲುಗಟ್ಟಿದ್ದವು, ನೋಡಲು ಅಸಹ್ಯವಾಗಿತ್ತು, ಅದಕ್ಕೇ ತೆಗೆದುಬಿಟ್ಟೆ ಎಂದು ಅವನು ಹೇಳಿದಾಗ ಈ ಚೊಕ್ಕಟತನಕ್ಕಿಷ್ಟು ಬೆಂಕಿ ಬೀಳ ಎಂದು ಬೈದಿದ್ದೆ. ಒಬ್ಬ ಮನುಷ್ಯನ ಮಾನ ಉಳಿಸುವ ಚಿತ್ರವನ್ನು ಅವರು ಕಸವೆಂದು ಗುಡಿಸಿದ್ದರು.

ಹಾಗಾಗಿ ಉಳಿದಿದ್ದದ್ದು ಈ ಒಂದೇ ಚಿತ್ರ. ಇದರಲ್ಲೇ ಸುಳ್ಳನ್ನು ಸುಳ್ಳೆಂದು ತೋರಿಸಬೇಕಾಗಿತ್ತು. ಮೂರು ದಿನ ಕೂತು ನೋಡಿದ ಮೇಲೆ ದಾರಿ ಹೊಳೆದದ್ದು ಇವತ್ತು ಊಟದ ಹೊತ್ತಿಗೆ.

ಈ ಚಿತ್ರ ತುಂಬಲು ಯಂತ್ರಕ್ಕೆ ಮೂವತ್ತು ಸೆಕೆಂಡು ಹಿಡಿದಿದೆ. ಯಂತ್ರವೇ ಇಟ್ಟುಕೊಳ್ಳುವ ದಿನಚರಿಯಲ್ಲಿ ಅದು ದಾಖಲಾಗಿದೆ. ಆ ಮೂವತ್ತು ಸೆಕೆಂಡಿನಲ್ಲಿ ಮಲಗಿದವನು ಕಲ್ಲಿನಂತೆ ಮಲಗಿದ್ದರೂ ಅವನ ಹೃದಯ ಸುಮ್ಮನಿರುವುದಿಲ್ಲ. ರಕ್ತನಾಳ ಮಿಡಿಯುತ್ತದೆ. ಯಂತ್ರ ಮೋಸ ಹೋಗಿ, ಆ ನಾಳದ ಪಡಿಯಚ್ಚನ್ನು ಪಕ್ಕಕ್ಕೆ ಒಯ್ದು ಇಡುತ್ತದೆ. ನಮ್ಮ ಕಸುಬಿನವರು ಅದನ್ನು ದೆವ್ವ ಎಂದೇ ಕರೆಯುತ್ತಾರೆ.

ಆ ದೆವ್ವ ಮನಸ್ಸಿಗೆ ಬಂದ ಕಡೆ ಕೂರುವುದಿಲ್ಲ. ಆ ಅವಧಿಯಲ್ಲಿ ಹೃದಯ ಎಷ್ಟು ಸಲ ಬಡಿಯಿತೋ ಅಷ್ಟು ಚುಕ್ಕೆ ದೂರದಲ್ಲೇ ಕೂರುತ್ತದೆ. ಇನ್ನೂ ಅಷ್ಟೇ ದೂರದಲ್ಲಿ ಅದರ ತಮ್ಮ, ಸ್ವಲ್ಪ ಮಸುಕಾಗಿ. ಗೆಡ್ಡೆ ಹೀಗೆ ಅಳತೆ ಹಿಡಿದು ಜೋಡಿಜೋಡಿಯಾಗಿ ಬೆಳೆಯುವುದಿಲ್ಲ.

ಇಪ್ಪತ್ತನಾಲ್ಕು, ಮತ್ತೆ ಇಪ್ಪತ್ತನಾಲ್ಕು. ಮಚ್ಚೆ ಸುಳ್ಳೇ. ಭಾವ ಬರೆದದ್ದು ಅಕ್ಷರ ಅಕ್ಷರವೂ ಸರಿ.

ಕುರ್ಚಿಯಿಂದ ಎದ್ದೆ. ಅತ್ತುಬಿಡುತ್ತೇನೇನೋ ಅನ್ನಿಸಿ, ಅಲ್ಲಾಡಬೇಡಿಗೆ ಮುಖ ತೋರಿಸದೆ ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಭಾವನದೇನೂ ತಪ್ಪಿಲ್ಲ, ನನ್ನ ಹತ್ತಿರ ಲೆಕ್ಕ ಇದೆ, ನಾಳೆ ಸಮಿತಿಯ ಮುಂದೆ ನಾನೇ ನಿಂತು ಹೇಳುತ್ತೇನೆ ಎಂದೆ. ನೀನು ಈಗ ಎಲ್ಲಿದ್ದೀಯ ಎಂದು ಅಕ್ಕ ಕೇಳಿದಳು.

"ಬರ್ತೀನಿ ಇರು ಪುಟ್ಟಿ," ಎಂದಳು. ಐವತ್ತೇಳು ತುಂಬಿದ ನನ್ನನ್ನು ಪುಟ್ಟಿ ಎನ್ನುವವಳು ಈಗ ಅವಳೊಬ್ಬಳೇ.

ಭಾವ ಮಹಡಿಯ ಮೇಲಿನ ತಮ್ಮ ಕೋಣೆಯಲ್ಲಿದ್ದರು. ಕಿಟಕಿಯ ಪರದೆ ಎಳೆದಿತ್ತು. ಸ್ಕ್ಯಾನ್ ಓದುವ ಎರಡೂ ಪರದೆಗಳು ಕಪ್ಪಗಿದ್ದವು. ಅಪಘಾತವಾದ ಮೇಲೆ ಅವರು ಅವುಗಳನ್ನು ಹಚ್ಚಿಲ್ಲ. ದಿನವೂ ಬರುತ್ತಾರೆ, ಕೂರುತ್ತಾರೆ, ಐದಕ್ಕೆ ಎದ್ದು ಹೋಗುತ್ತಾರೆ. ಮೇಜಿನ ಮೇಲೆ ಅವರ ಕೈಬರಹದ ಒಂದು ಕಾಗದವಿತ್ತು. ಸಮಿತಿಗೆ ಬರೆದದ್ದು. ತಪ್ಪೆಲ್ಲ ನನ್ನದೇ ಎನ್ನುವ ಸಾಲು ನಾನು ನಿಂತಲ್ಲಿಂದಲೇ ಕಂಡಿತು. ಇನ್ನೂ ಸಹಿ ಬಿದ್ದಿರಲಿಲ್ಲ.

ಆ ಕಾಗದ ಹರಿದು ಬುಟ್ಟಿಗೆ ಹಾಕಿ ಎಂದು ಹೇಳಿ, ಒಂದೇ ಉಸಿರಿನಲ್ಲಿ ಎಲ್ಲವನ್ನೂ ವಿವರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಸಂತೋಷಪಟ್ಟಂತೆ ಕಾಣಲಿಲ್ಲ. ಇಪ್ಪತ್ತೆರಡು ದಿನ ಸರಿಯಾಗಿ ನಿದ್ದೆಯಿಲ್ಲದ ಮನುಷ್ಯ ಸಂತೋಷವನ್ನೂ ತಡವಾಗಿಯೇ ತೋರಿಸುತ್ತಾನೆ ಎಂದುಕೊಂಡೆ.

"ನೀನು ನೋಡಿದ್ದು ಇಷ್ಟೇನಾ ಎಂಜಿನಿಯರಮ್ಮ?" ಎಂದರು.

ಇಷ್ಟೇ, ಇನ್ನೇನು ಬೇಕು ಎಂದೆ.

"ಇಷ್ಟು ಸಾಕು. ಇನ್ನು ಕೆದಕೋದು ಬೇಡ."

ಬೇಡ ಎಂದರೆ ಕೆದಕುವುದು ನನ್ನ ಹುಟ್ಟುಗುಣ. ಆದರೂ ಆಣೆ ಮಾಡಿ ಹೇಳುತ್ತೇನೆ, ಆ ಹೊತ್ತಿನಲ್ಲಿ ಕೆದಕುವ ಉದ್ದೇಶ ನನಗಿರಲಿಲ್ಲ. ಮೆಟ್ಟಿಲು ಇಳಿಯುತ್ತ ಸುಮ್ಮನೆ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಮೂವತ್ತು ಸೆಕೆಂಡಿಗೆ ಇಪ್ಪತ್ತನಾಲ್ಕು ಬಡಿತ. ನಿಮಿಷಕ್ಕೆ ನಲವತ್ತೆಂಟು.

ನಡುಮೆಟ್ಟಿಲಲ್ಲಿ ನಿಂತೆ.

ನಲವತ್ತೆಂಟು ಬಹಳ ನಿಧಾನ. ಓಟಗಾರರಿಗೆ, ಈಜುಗಾರರಿಗೆ ಇರುವಂಥದ್ದು. ಕ್ರೇನಿನವನನ್ನು ನಾನು ನೋಡಿದ್ದೇನೆ. ದಿನಕ್ಕೆ ಹತ್ತು ಗಂಟೆ ಕ್ಯಾಬಿನ್ನಿನಲ್ಲಿ ಕೂತು ಮೈ ಬಂದ, ಎರಡು ಹೆಜ್ಜೆ ನಡೆದರೆ ಏದುಸಿರು ಬಿಡುವ ಮನುಷ್ಯ.

ಅವನು ಇದೇ ಕಟ್ಟಡದ ಮೂರನೆಯ ವಾರ್ಡಿನಲ್ಲಿದ್ದ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಗೆಡ್ಡೆ ಮಾತಿನ ಜಾಗವನ್ನು ಒತ್ತುತ್ತಿದ್ದರಿಂದ ಅವನಿಗೆ ಮಾತು ಬರುತ್ತಿರಲಿಲ್ಲ. ಬಂದರೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹೆಂಡತಿ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತೇ ತೂಕಡಿಸುತ್ತಿದ್ದಳು. ನಾನು ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಗಡಿಯಾರ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಏನೋ ಹೇಳಬೇಕೆಂದು ತುಟಿ ಅಲುಗಿಸಿದ, ಆಗದೆ ಮುಖ ತಿರುಗಿಸಿದ.

ಅರ್ಧ ನಿಮಿಷಕ್ಕೆ ನಲವತ್ತಾರು.

ಯಂತ್ರದವರೂ ನಾಡಿ ಹಿಡಿಯೋಕೆ ಶುರು ಮಾಡಿದ್ರೆ ನಾವು ಮನೆಗೆ ಹೋಗಬಹುದು ಎಂದು ನರ್ಸ್ ಚುಡಾಯಿಸಿದಳು. ಔಷಧಿಯಿಂದ ನಾಡಿ ಏರಿರಬಹುದಲ್ಲವೇ ಎಂದು ನಾನು ಕೇಳಿದ್ದಕ್ಕೆ, ಇದ್ದರೂ ಇರಬಹುದು, ಹಳೆಯದನ್ನು ನೋಡಿ ಎಂದು ಫೈಲನ್ನೇ ಕೈಗಿಟ್ಟಳು. ಆ ಮೊದಲ ಸ್ಕ್ಯಾನ್ ನಡೆದ ವಾರದಲ್ಲೇ ಬಂದರಿನ ವೈದ್ಯರು ಬರೆದ ತಪಾಸಣೆಯ ಹಾಳೆ ಅದರಲ್ಲಿತ್ತು. ನಾಡಿ ನಿಮಿಷಕ್ಕೆ ತೊಂಬತ್ತನಾಲ್ಕು.

ಅವನೇ ಮಲಗಿದ್ದರೆ ದೆವ್ವ ನಲವತ್ತೇಳು ಚುಕ್ಕೆ ದೂರ ಕೂರಬೇಕಿತ್ತು. ಇಪ್ಪತ್ತನಾಲ್ಕರಲ್ಲಿ ಅದಕ್ಕೇನೂ ಕೆಲಸವಿರಲಿಲ್ಲ.

ಕೆಳಗೆ ಬಂದು, ಸ್ಕ್ಯಾನ್ ಕೋಣೆಯ ಪಕ್ಕದ ಇನ್ನೊಂದು ಕಂಪ್ಯೂಟರಿನಲ್ಲಿ ಎರಡೂ ಸ್ಕ್ಯಾನುಗಳನ್ನು ಅಕ್ಕಪಕ್ಕ ತೆರೆದೆ. ಗೋಡೆಯಾಚೆ ಮಂಡಿಯವರ ಸ್ಕ್ಯಾನ್ ಶುರುವಾಗಿ ಯಂತ್ರ ದಡದಡ ಸದ್ದು ಮಾಡುತ್ತಿತ್ತು. ಈ ಸಲ ನಾನು ಮಚ್ಚೆಯ ತಂಟೆಗೆ ಹೋಗಲಿಲ್ಲ. ಹಣೆಯ ಮೂಳೆಯನ್ನು ನೋಡಿದೆ. ಅದರೊಳಗೆ ಗಾಳಿ ತುಂಬಿದ ಗೂಡುಗಳಿರುತ್ತವೆ. ಅವುಗಳ ಆಕಾರ ಒಬ್ಬರಿಗಿದ್ದಂತೆ ಇನ್ನೊಬ್ಬರಿಗಿರುವುದಿಲ್ಲ, ಬೆಳೆದ ಮೇಲೆ ಆರು ವಾರದಲ್ಲಿ ಬದಲಾಗುವುದೂ ಇಲ್ಲ. ಇದನ್ನು ನನಗೆ ಎಂದೋ ಒಮ್ಮೆ ಕಲಿಸಿದವರು ಭಾವನೇ.

ಹೊಸ ಸ್ಕ್ಯಾನಿನಲ್ಲಿ ಆ ಗೂಡುಗಳು ಎರಡೂ ಹುಬ್ಬುಗಳ ಮೇಲೆ ಅಗಲವಾಗಿ ಹರಡಿದ್ದವು. ಹಳೆಯದರಲ್ಲಿ ಬಲಗಡೆ ಗೂಡೇ ಇರಲಿಲ್ಲ. ಎಡಗಡೆ ಹೆಬ್ಬೆರಳಿನ ಉಗುರಿನಷ್ಟು ಒಂದಿತ್ತು.

ಬೇರೆಯವನ ತಲೆ. ಸಮಿತಿಯವರು, ಪೊಲೀಸರು, ಬಂದರಿನವರು, ನಾನು, ಎಲ್ಲರೂ ದಿನಗಟ್ಟಲೆ ಒಂದು ಮಚ್ಚೆಯನ್ನು ದಿಟ್ಟಿಸಿದ್ದೆವು. ಆ ಮಚ್ಚೆ ಯಾರ ತಲೆಯಲ್ಲಿದೆ ಎಂದು ಕೇಳಬೇಕೆಂದು ಒಬ್ಬರಿಗೂ ತೋಚಿರಲಿಲ್ಲ. ಮೇಲುಗಡೆ ಹೆಸರು ಬರೆದಿತ್ತಲ್ಲ, ಅದನ್ನು ನಂಬಿದ್ದೆವು.

ಯಾರೋ ಒಬ್ಬ ಕ್ರೇನಿನವನ ಹೆಸರು ಹೇಳಿಕೊಂಡು ಸುರಂಗದೊಳಗೆ ಮಲಗಿ ಎದ್ದು ಹೋಗಿದ್ದಾನೆ. ಭಾವ ಚಿತ್ರವನ್ನು ಮಾತ್ರ ಓದುವವರು. ಮಲಗಿದವರ ಮುಖ ಅವರಿಗೆ ಕಾಣುವುದಿಲ್ಲ. ಆ ದಿನ ಆ ಮುಖವನ್ನು ಹತ್ತಿರದಿಂದ ನೋಡಿದವನು ಒಬ್ಬನೇ. ಮೂರು ದಿನದಿಂದ ನನ್ನ ಪಕ್ಕದಲ್ಲೇ ಕೂತು, ಇನ್ನೆಷ್ಟು ಹೊತ್ತು ಎಂದು ಕೇಳುತ್ತಿದ್ದವನು.

ಮಂಡಿಯವರು ಹೋಗುವವರೆಗೂ ಕಾದೆ. ಅಲ್ಲಾಡಬೇಡಿ ಬಟ್ಟೆ ಬದಲಿಸುವ ಕೋಣೆಯಲ್ಲಿದ್ದ. ಒಂದು ಬೆಂಚು, ಗೋಡೆಗೆ ಬೀಗದ ಕಪಾಟುಗಳು, ಉಂಗುರ ಗಡಿಯಾರ ತೆಗೆದಿಡಲು ಒಂದು ಪ್ಲಾಸ್ಟಿಕ್ ತಟ್ಟೆ. ಬಿಚ್ಚಿಹಾಕಿದ್ದ ಗೌನನ್ನು ಒಗೆಯುವ ಬುಟ್ಟಿಗೆ ಹಾಕುವಾಗಲೂ ಮಡಿಸಿಯೇ ಹಾಕುತ್ತಿದ್ದ. ನಾನು ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತೆ.

"ಆವತ್ತು ಕ್ರೇನಿನವನ ಹೆಸರಲ್ಲಿ ಮಲಗಿದ್ದೋನು ಯಾರು?"

ಅವನು ಮಡಿಸುವುದನ್ನು ನಿಲ್ಲಿಸಲಿಲ್ಲ. "ಕ್ರೇನಿನವನೇ."

"ಅವನ ನಾಡಿ ತೊಂಬತ್ತನಾಲ್ಕು. ನೀನು ಮಲಗಿಸಿದ್ದೋನದು ನಲವತ್ತೆಂಟು. ತಲೆಬುರುಡೆನೂ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಬಂದಿದೀನಿ, ಬಂದು ನೋಡ್ತೀಯಾ?"

ಅವನು ಗೌನನ್ನು ಕೈಯಲ್ಲಿ ಹಿಡಿದುಕೊಂಡೇ ಬೆಂಚಿನ ಮೇಲೆ ಕೂತ. ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು. ಆ ಕೋಣೆಯಲ್ಲಿ ಚಳಿ ಹಿಡಿಸುವಷ್ಟು ಎಸಿ ಇತ್ತು.

ಅವನು ಹೇಳುತ್ತ ಹೋದದ್ದನ್ನು ನಾನು ನಡುವೆ ಬಾಯಿ ಹಾಕದೆ ಕೇಳಿದೆ. ಆ ಬೆಳಗ್ಗೆ ಹನ್ನೊಂದು ಜನ ಕಾಯುತ್ತಿದ್ದರಂತೆ. ಬಂದವನ ಹೆಸರು ಕೇಳಿದ, ಹುಟ್ಟಿದ ತಾರೀಖು ಕೇಳಿದ. ಅವನು ತಡವರಿಸದೆ ಹೇಳಿದ. ಫೋಟೊ ಇರುವ ಗುರುತಿನ ಚೀಟಿಯನ್ನೂ ನೋಡಬೇಕೆಂದು ನಿಯಮ. ಗುರುತಿನ ಚೀಟಿ ಬಟ್ಟೆಯ ಜೊತೆ ಕಪಾಟಿನೊಳಗೆ ಹೋಗಿಬಿಟ್ಟಿತ್ತು; ಮತ್ತೆ ತೆಗೆಸುವಷ್ಟು ಪುರುಸೊತ್ತಿರಲಿಲ್ಲ. ಮೈಯಲ್ಲೆಲ್ಲೂ ಲೋಹ ಇಲ್ಲವೆಂದು ಹತ್ತು ಸಲ ಕೇಳಿ ಖಾತ್ರಿ ಮಾಡಿಕೊಳ್ಳುವ ಇವನು, ಮಲಗುವವನು ಯಾರು ಎನ್ನುವುದನ್ನು ಒಂದು ಸಲವೂ ನೋಡಲಿಲ್ಲ.

ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನಲ್ಲಿ ನಾಡಿ ನಲವತ್ತೆಂಟು ತೋರಿಸಿದಾಗ ಇವನೇ ತಮಾಷೆ ಮಾಡಿದ್ದನಂತೆ, ಏನ್ಸಾರ್ ನಿಮ್ಮ ಹೃದಯಕ್ಕೆ ಇವತ್ತು ರಜೆಯಾ ಎಂದು. ಮೊದಲು ಸಮುದ್ರದಲ್ಲಿ ಮುಳುಗುವ ಕೆಲಸ ಮಾಡುತ್ತಿದ್ದೆ, ಹಡಗಿನ ಪ್ರೊಪೆಲ್ಲರಿಗೆ ಸುತ್ತಿಕೊಂಡ ಹಗ್ಗ ಕತ್ತರಿಸುವುದು, ಆಗಿನಿಂದ ಹೀಗೇ ಎಂದು ಆ ಮನುಷ್ಯ ನಕ್ಕಿದ್ದ.

"ಯಾರು ಅಂತ ಹೇಳು."

"ಸತ್ತೋನೇ ಮೇಡಂ."

ನನಗೆ ತಕ್ಷಣ ತಿಳಿಯಲಿಲ್ಲ. ಯಾವ ಸತ್ತವನು ಎಂದು ಕೇಳಿಯೇಬಿಟ್ಟೆ.

"ಹೊರೆ ಕೆಳಗೆ ಸಿಕ್ಕಿ ಸತ್ನಲ್ಲ, ಕೊಕ್ಕೆ ಹಾಕೋನು. ಅವನೇ ಬಂದು ಮಲಗಿದ್ದು, ಸ್ನೇಹಿತನ ಕೆಲಸ ಉಳೀಲಿ ಅಂತ."

ಗೋಡೆಯ ಆಚೆ ಯಂತ್ರವನ್ನು ತಂಪಾಗಿಡುವ ಪಂಪು ಟಿಕ್ ಟಿಕ್ ಎನ್ನುತ್ತಿತ್ತು. ಗೆಳೆಯನ ಕೆಲಸ ಉಳಿಯಲೆಂದು ತನ್ನ ತಲೆ ಕೊಟ್ಟ ಮನುಷ್ಯ, ಅದೇ ಗೆಳೆಯನ ಕ್ರೇನಿನ ಕೆಳಗೆ ಸತ್ತಿದ್ದ. ಮೂರು ದಿನದಿಂದ ನಾನು ಎಣಿಸುತ್ತಿದ್ದದ್ದು ಸತ್ತವನ ಎದೆಬಡಿತವನ್ನು.

"ಇದು ನಿನಗೆ ಗೊತ್ತಾಗಿದ್ದು ಯಾವಾಗ? ಪೇಪರಿನಲ್ಲಿ ಅವನ ಫೋಟೊ ನೋಡಿದ ಮೇಲಾ?"

ಅಲ್ಲಾಡಬೇಡಿ ಅಲ್ಲವೆಂದು ತಲೆಯಾಡಿಸಿದ. ಇದನ್ನು ಹೇಳುವುದು ಅವನಿಗೆ ಮೊದಲಿನದಕ್ಕಿಂತ ಕಷ್ಟವಾಗುತ್ತಿತ್ತು. ಗೌನಿನ ದಾರವನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

ಫೋಟೊ ಬರುವುದಕ್ಕೆ ಮೊದಲೇ, ಅಪಘಾತವಾದ ವಾರದ ಸೋಮವಾರ ಮಧ್ಯಾಹ್ನ ಆ ಮನುಷ್ಯ ಮತ್ತೆ ಇಲ್ಲಿಗೆ ಬಂದಿದ್ದ. ಇದೇ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿಕೊಂಡಿದ್ದ. ಗೆಳೆಯನಿಗೆ ಆಗಾಗ ಕಣ್ಣು ನಿಂತುಹೋಗುತ್ತದೆ, ಕರೆದರೆ ಕೇಳುವುದಿಲ್ಲ, ಹಿಂದಿನ ವಾರ ಏಣಿಯ ಮೇಲಿಂದ ಬೀಳುತ್ತಿದ್ದವನನ್ನು ತಾನೇ ಹಿಡಿದುಕೊಂಡೆ ಎಂದಿದ್ದ. ಸುರಂಗದೊಳಗೆ ಹೋದರೆ ಕೆಲಸ ಹೋಗುತ್ತದೆಂದು ಅವನು ಕಾಲು ಹಿಡಿದುಕೊಂಡು ಅತ್ತಿದ್ದಕ್ಕೆ ಒಪ್ಪಿಕೊಂಡೆ, ದೊಡ್ಡ ತಪ್ಪು ಮಾಡಿದೆ, ಆ ಚಿತ್ರ ನನ್ನದು ಎಂದು ಒಂದು ಚೀಟಿ ಬರೆದುಕೊಡಿ, ಬಂದರಿನ ಕಚೇರಿಗೆ ಒಯ್ದು ತೋರಿಸಿ ಅವನನ್ನು ಕ್ರೇನಿನಿಂದ ಇಳಿಸುತ್ತೇನೆ ಎಂದು ಬೇಡಿಕೊಂಡಿದ್ದ.

"ಬರೆದುಕೊಟ್ಯಾ?"

"ನನಗೆ ಕೈಕಾಲೇ ಆಡಲಿಲ್ಲ ಮೇಡಂ. ಗುರುತಿನ ಚೀಟಿ ನೋಡದೆ ಮಲಗಿಸಿದೀನಿ ಅಂತ ಬರೆದುಕೊಟ್ಟ ಹಾಗಾಗತ್ತೆ. ಅವನನ್ನ ಇಲ್ಲೇ ಕೂರಿಸಿ, ಮೇಲೆ ಹೋದೆ."

ಮೇಲೆ ಎಂದರೆ ಎಲ್ಲಿ ಎಂದು ಕೇಳುವ ಅಗತ್ಯವಿರಲಿಲ್ಲ. ಮಹಡಿಯ ಮೇಲೆ ಇರುವುದು ಒಂದೇ ಓದುವ ಕೋಣೆ. ಆದರೂ ಕೇಳಿದೆ. ಅವನು ಬೇರೆ ಏನಾದರೂ ಹೇಳಲಿ ಎಂಬ ಆಸೆಯಿಂದ ಕೇಳಿದೆ.

"ಡಾಕ್ಟರ ಹತ್ರ. ನಿಮ್ಮ ಭಾವನ ಹತ್ರ."

"ಅವರಿಗೆ ಪೂರ್ತಿ ಹೇಳ್ದೆಯಾ?"

"ಒಂದಕ್ಷರ ಬಿಡದೆ ಹೇಳ್ದೆ. ಅವರೇ ಕೆಳಗಿಳಿದು ಬಂದು ಅವನನ್ನ ಮಾತಾಡಿಸಿದ್ರು. ಚೀಟಿ ನಾನೇ ಕೊಡ್ತೀನಿ, ಬಂದರಿನವರಿಗೂ ನಾನೇ ಹೇಳ್ತೀನಿ, ಆದರೆ ಬುಧವಾರ ಸಂಜೆವರೆಗೆ ಸುಮ್ನಿರು ಅಂದ್ರು. ನನಗೂ ಅದನ್ನೇ ಅಂದ್ರು. ಬುಧವಾರ ಸಂಜೆವರೆಗೆ."

ಹೊರೆ ಬಿದ್ದದ್ದು ಬುಧವಾರ ಬೆಳಗ್ಗೆ ಎಂಟೂಮುಕ್ಕಾಲಿಗೆ.

ಅಲ್ಲಾಡಬೇಡಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು. ಸಿಟ್ಟೆಲ್ಲ ಭಾವನ ಮೇಲೆ ಬಂತು. ಅವರು ಮಚ್ಚೆಯನ್ನು ತಪ್ಪು ಓದಿರಲಿಲ್ಲ. ಕ್ರೇನಿನ ಮೇಲೆ ಕೂತಿರುವವನ ತಲೆಯನ್ನು ಯಾರೂ ನೋಡಿಯೇ ಇಲ್ಲವೆಂದು ಗೊತ್ತಿದ್ದೂ, ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರು. ನನ್ನನ್ನು ಮೂರು ದಿನ ಚುಕ್ಕೆ ಎಣಿಸಲು ಬಿಟ್ಟಿದ್ದರು.

ಮಚ್ಚೆ ಸುಳ್ಳಾದರೆ ಆರು ವಾರದಲ್ಲಿ ಅಷ್ಟು ದೊಡ್ಡ ಗೆಡ್ಡೆ ಎಲ್ಲಿಂದ ಬಂತು ಎಂದು ನಾಳೆ ಸಮಿತಿ ಕೇಳುತ್ತದೆ. ಭಾವನ ಓದು ಸರಿ ಎಂದು ತೋರಿಸಬೇಕಾದರೆ ಆ ಚಿತ್ರ ಬೇರೆಯವನದೆಂದು ನಾನು ಹೇಳಲೇಬೇಕು. ಹೇಳಿದರೆ ಯಾರದು ಎಂದು ಕೇಳುತ್ತಾರೆ. ಕೇಳಿದರೆ ಇವನನ್ನು ಕರೆಯುತ್ತಾರೆ. ಆ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದು ಇವನಿಗೂ ಗೊತ್ತಿತ್ತು.

"ನನ್ನನ್ನ ಅಲ್ಲಿ ನಿಲ್ಲಿಸಿದ್ರೆ ಸೋಮವಾರದ್ದೂ ಹೇಳ್ಬೇಕಾಗತ್ತೆ," ಎಂದ. "ಅರ್ಧ ಹೇಳಿ ಅರ್ಧ ನುಂಗೋಕೆ ನನ್ನ ಕೈಲಾಗಲ್ಲ. ಈ ಇಪ್ಪತ್ತೆರಡು ದಿನ ನುಂಗಿದ್ದೇ ಸಾಕಾಗಿದೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳಂತೆ."

ಅವನು ಅಳುತ್ತಿದ್ದ. ಅಳುವುದನ್ನೂ ಸದ್ದಿಲ್ಲದೆ, ಯಾರಿಗೂ ತೊಂದರೆಯಾಗದ ಹಾಗೆ ಅಳುತ್ತಿದ್ದ.

ಬುಧವಾರವೇ ಏಕೆ ಎಂದು ಕೇಳಿದೆ. ಸೋಮವಾರ ಮಧ್ಯಾಹ್ನ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಬಂದರಿನವರು ಹತ್ತು ನಿಮಿಷದಲ್ಲಿ ಅವನನ್ನು ಕೆಳಗಿಳಿಸುತ್ತಿದ್ದರು. ಎರಡು ದಿನ ಕಾಯುವಂಥದ್ದು ಏನಿತ್ತು? ಅವನು ಕಣ್ಣೊರೆಸಿಕೊಂಡು, ತನಗದು ಗೊತ್ತಿಲ್ಲ, ಡಾಕ್ಟರು ಮಾತಿನ ನಡುವೆ ಒಮ್ಮೆ ಹೊರಗೆ ಹೋಗಿ ಯಾರ ಜೊತೆಯೋ ಫೋನಿನಲ್ಲಿ ಮಾತಾಡಿ ಬಂದರು, ಬಂದ ಮೇಲೆಯೇ ಬುಧವಾರ ಎಂದದ್ದು, ಅದಕ್ಕೆ ಮೊದಲು ಈಗಲೇ ಹೇಳಿಬಿಡೋಣ ಎಂದೇ ಇದ್ದರು ಎಂದ.

ನನ್ನ ಬೆನ್ನ ಹಿಂದೆ ಯಾರೋ ಮೆಲ್ಲಗೆ ಬಾಗಿಲು ತಟ್ಟಿದರು.

ಸರಿದು ತೆರೆದೆ. ಅಕ್ಕ ನಿಂತಿದ್ದಳು. ಅವಳ ಹಿಂದೆ, ಎರಡು ಹೆಜ್ಜೆ ದೂರದಲ್ಲಿ, ಭಾವ. ಫೋನಿನಲ್ಲಿ ನಾನು ಅಷ್ಟೆಲ್ಲ ಧೈರ್ಯ ಹೇಳಿದ್ದರೂ ಅಕ್ಕನ ಮುಖದಲ್ಲಿ ಅದರ ಸುಳಿವೂ ಇರಲಿಲ್ಲ. ಅವಳು ಬೆಂಚಿನ ಮೇಲೆ ಕೂತವನ ಕಣ್ಣುಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಸೋಮವಾರದ್ದು ಹೇಳ್ದನಾ?" ಎಂದು ಭಾವ ಕೇಳಿದರು. ಅವರ ಧ್ವನಿಯಲ್ಲಿ ಭಯವಿರಲಿಲ್ಲ, ದಣಿವಿತ್ತು.

ಹೇಳಿದ ಎಂದೆ. ಅವನು ಹೇಳಿದ್ದು ನಿಜವೇ ಎಂದು ಕೇಳಿದೆ. ನಿಜ ಎಂದರು. ಹಾಗಾದರೆ ಬುಧವಾರದವರೆಗೆ ಯಾಕೆ ಕಾದಿರಿ, ಯಾರಿಗೋಸ್ಕರ ಕಾದಿರಿ ಎಂದೆ. ಮಾತು ಗಟ್ಟಿಯಾಗಿಯೇ ಬಂತು.

ಭಾವ ನೆಲ ನೋಡಿದರು. ಆ ಕಾಗದಕ್ಕೆ ಸಹಿ ಹಾಕಿ ಬಂದಿದ್ದೇನೆ, ತಪ್ಪೆಲ್ಲ ನನ್ನದೇ, ಇದನ್ನು ಇಲ್ಲಿಗೇ ಬಿಟ್ಟುಬಿಡು ಎಂದರು.

ಅಕ್ಕ ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಭಾವ ಹೊರಗೇ ಉಳಿದರು. ಅವಳು ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳುಗಳು ತಣ್ಣಗಿದ್ದವು.

"ಅವರನ್ನ ಕೇಳಬೇಡ ಪುಟ್ಟಿ," ಎಂದಳು. "ಆವತ್ತು ಫೋನಲ್ಲಿದ್ದೋಳು ನಾನು. ಬುಧವಾರದವರೆಗೆ ತಡೀರಿ ಅಂದಿದ್ದೂ ನಾನೇ. ಬುಧವಾರ ಮಧ್ಯಾಹ್ನ ಅವರ ಬಡ್ತಿಯ ಸಭೆ ಇತ್ತು, ಅದು ಮುಗೀಲಿ ಅಂತ."